ಕಲ್ಲಿಗಿಂತ ಕಾಲೇ ದುಬಾರಿ

ಮೈಸೂರಲ್ಲಿ ಇಂಟೀರಿಯರ್ ಕೆಲಸ ಮಾಡಿಸೋರು ಈಗೀಗ ಚದರಡಿಗೆ ಎಷ್ಟು ಅಂತ ಕೇಳೋಕೂ ಮುಂಚೆ ಇನ್ನೊಂದು ಮಾತು ಕೇಳ್ತಾರೆ, ಈ ಕಲ್ಲು ಇಕೋ ಫ್ರೆಂಡ್ಲಿನಾ ಅಂತ. ಕೇಳೋದು ಒಳ್ಳೇದೇ. ಆದ್ರೆ ಅಂಗಡಿಗೆ ಹೋಗಿ ಕೇಳಿ ನೋಡಿ, ಅಲ್ಲ ಅನ್ನೋ ಕಲ್ಲೇ ಇಲ್ಲ. ಗ್ರಾನೈಟ್ ಕೇಳಿದ್ರೆ ಭೂಮಿಯಿಂದ ಬಂದಿದ್ದು ಸಾರ್, ಪೂರ್ತಿ ನ್ಯಾಚುರಲ್ಲು ಅಂತಾರೆ. ಕ್ವಾರ್ಟ್ಜ್ ಕೇಳಿದ್ರೆ ಪುಡಿ ಕಲ್ಲಿಂದ ಮಾಡಿರೋದು, ಬೆಟ್ಟಕ್ಕೆ ಕೈನೇ ಹಾಕಿಲ್ಲ ಅಂತಾರೆ. ಸಿಂಟರ್ಡ್ ಸ್ಟೋನ್, ಅಂದ್ರೆ ಗೂಡಲ್ಲಿ ಸುಟ್ಟು ಮಾಡಿದ ಕಲ್ಲು, ಕೇಳಿದ್ರೆ ಎಷ್ಟು ತೆಳ್ಳಗಿದೆ ನೋಡಿ, ಮಟೀರಿಯಲ್ಲೇ ಖರ್ಚಾಗಲ್ಲ ಅಂತಾರೆ. ಇಟಾಲಿಯನ್ ಮಾರ್ಬಲ್ ಮುಂದೆ ನಿಂತ್ರೆ ಆ ಪ್ರಶ್ನೆ ಕೇಳೋಕೆ ನಮಗೇ ನಾಚಿಕೆ ಆಗೋ ಹಂಗೆ ರೇಟ್ ಹೇಳ್ತಾರೆ, ಅಲ್ಲಿಗೆ ಮುಗೀತು. ನಂದು ಎಸ್ಟಿಮೇಟ್ ಹಾಕೋ ಕೆಲಸ, ಟೇಬಲ್ಲು, ಬೆಂಚು, ದೇವ್ರ ಮನೆ ಕಟ್ಟೆ, ಬಾಲ್ಕನಿ ಸೀಟು, ಎಲ್ಲಾ ಕಲ್ಲಿನ ಸಾಮಾನಿಗೂ ಅಳತೆ ತೂಕ ಬರೆಯೋನು ನಾನೇ, ಹಂಗಾಗಿ ಇದನ್ನ ಲೆಕ್ಕದಲ್ಲೇ ನೋಡೋಣ ಅಂತ ಕೂತೆ. ನನಗೆ ಗೊತ್ತಾಗಿದ್ದು ಏನಂದ್ರೆ ಕಲ್ಲಿನ ಹೆಸರು ಹೇಳಿ ಒಳ್ಳೇದು ಕೆಟ್ಟದ್ದು ಅಂತ ತೀರ್ಮಾನ ಮಾಡೋಕೆ ಆಗಲ್ಲ, ಕಲ್ಲನ್ನ ಎಬ್ಬಿಸಿದ್ದು ಹೆಂಗೆ, ಅದಕ್ಕೆ ಏನೇನು ಬೆರೆಸಿದ್ರು, ಅದರ ಕೆಳಗೆ ಏನು ನಿಲ್ಲಿಸಿದ್ರು, ಎಷ್ಟು ವರ್ಷ ಇಟ್ಕೊಂಡ್ರು, ಇದರಲ್ಲೇ ಎಲ್ಲಾ ಇರೋದು.

ಮೊದಲು ತೂಕ ಹೇಳ್ತೀನಿ, ಅದಿಲ್ದೆ ಮುಂದಕ್ಕೆ ಹೋಗೋ ಹಂಗಿಲ್ಲ. ಗ್ರಾನೈಟು ಮಾರ್ಬಲ್ಲು ಎರಡೂ ಹೆಚ್ಚು ಕಮ್ಮಿ ನೀರಿನ 2.7 ಪಟ್ಟು ಭಾರ. 20 ಮಿಲಿಮೀಟರ್ ದಪ್ಪದ ಸ್ಲ್ಯಾಬ್ ಆದ್ರೆ ಒಂದು ಚದರಡಿಗೆ 5 ಕೆಜಿ ಅಂತ ಇಟ್ಕೊಳಿ. ಐದಡಿ ಮೂರಡಿ ಊಟದ ಟೇಬಲ್ ಅಂದ್ರೆ 15 ಚದರಡಿ, 75 ಕೆಜಿ. ಈ 75 ಕೆಜಿ ನೆನಪಿರ್ಲಿ, ಇದನ್ನೇ ಕೊನೇವರೆಗೂ ಎಳ್ಕೊಂಡು ಹೋಗ್ತೀನಿ.

ಎಲ್ಲರೂ ಮೊದಲು ಹೇಳೋದು ದೂರದ ಮಾತು. ಲೋಕಲ್ ಕಲ್ಲು ತಗೊಳಿ, ರಾಜಸ್ಥಾನದಿಂದ ತರಿಸಿದ್ರೆ ಎಷ್ಟು ಡೀಸೆಲ್ಲು ಅಂತ. ಸರಿ, ನೋಡೇ ಬಿಡೋಣ. ಕಿಶನ್‌ಗಢದಿಂದ ಮೈಸೂರಿಗೆ ಸುಮಾರು 2,000 ಕಿ.ಮೀ. 25 ಟನ್ ಹೇರಿದ ಲಾರಿ ಲೀಟರ್‌ಗೆ ಮೂರೂವರೆ ಕೊಡ್ತು ಅಂದ್ರೆ 570 ಲೀಟರ್ ಡೀಸೆಲ್. ಒಂದು ಲೀಟರ್ ಡೀಸೆಲ್ ಉರಿದ್ರೆ 2.68 ಕೆಜಿ ಕಾರ್ಬನ್ ಡೈಆಕ್ಸೈಡ್ ಬರತ್ತೆ, ಒಟ್ಟು 1,530 ಕೆಜಿ ಆಯ್ತು, ಅದನ್ನ 25 ಟನ್‌ಗೆ ಹಂಚಿದ್ರೆ ಟನ್ನಿಗೆ 61 ಕೆಜಿ, ನಮ್ಮ ಟೇಬಲ್ಲಿನ ಪಾಲಿಗೆ ನಾಲ್ಕೂವರೆ ಕೆಜಿ ಚಿಲ್ಲರೆ. ಅಷ್ಟೇ. ಈಗ ಲೋಕಲ್ ಕಡೆ ಬನ್ನಿ. ಚಾಮರಾಜನಗರದ ಕರೀ ಕಲ್ಲೇ ಬೇಕು ಅಂತ ಮೈಸೂರಿಂದ ಒಂದು ಚಿಕ್ಕ ಗೂಡ್ಸ್ ಗಾಡಿ ಕಳಿಸಿ ಅದೊಂದೇ ಸ್ಲ್ಯಾಬ್ ಹಾಕ್ಕೊಂಡು ಬಂದ್ರೆ ಹೋಗಿ ಬರೋದು 120 ಕಿ.ಮೀ., ಲೀಟರ್‌ಗೆ ಹದಿನೈದು ಕೊಟ್ರೂ 8 ಲೀಟರ್, 21 ಕೆಜಿ ಕಾರ್ಬನ್! ರಾಜಸ್ಥಾನದ ಲಾರಿಯ ಪಾಲಿಗಿಂತ ನಾಲ್ಕು ಪಟ್ಟು ಜಾಸ್ತಿ, ಬರೀ ಒಂದೇ ಒಂದು ಪೀಸಿಗೋಸ್ಕರ ಖಾಲಿ ಗಾಡಿ ಓಡಿಸಿದ್ದಕ್ಕೆ. ಹಂಗಂತ ದೂರದಿಂದ ತರಿಸಿ ಅಂತ ಹೇಳ್ತಿಲ್ಲ, ಅಲ್ಲಿಂದ ಬಂದಿದ್ದಕ್ಕೂ ಗೋಡೌನಿಂದ ಮನೆಗೆ ಗಾಡಿ ಬೇಕೇ ಬೇಕು. ಹೇಳೋದೇನಂದ್ರೆ ಲೋಡ್ ತುಂಬಿಸಿ ತರಿಸಿ, ಪಕ್ಕದ ಸೈಟ್‌ನವರ ಆರ್ಡರ್ ಜೊತೆ ಸೇರಿಸಿ ತರಿಸಿ, ಆವಾಗ ಲೋಕಲ್ಲಿಗೆ ಅರ್ಥ ಇದೆ. ಇಟಲಿದು ಹಡಗಲ್ಲಿ ಬರತ್ತೆ, ಹಡಗು ಒಂದು ಟನ್ನನ್ನ ಒಂದು ಕಿಲೋಮೀಟರ್ ಸಾಗಿಸೋಕೆ ಹತ್ತು ಹದಿನೈದು ಗ್ರಾಂ ಅಷ್ಟೇ ಉಗುಳೋದು, ಹಂಗಾಗಿ ಸಮುದ್ರದ ಪಾಲು ಒಂದು ಟೇಬಲ್ಲಿಗೆ ಹತ್ತು ಕೆಜಿ ಆಸುಪಾಸೇ ಬರೋದು. ಆದ್ರೆ ಅಲ್ಲಿಂದ ಸುಮಾರು ಮಾಲು ಸ್ಲ್ಯಾಬ್ ಆಗಿ ಬರಲ್ಲ, ಬ್ಲಾಕ್ ಆಗಿ ಬಂದು ಇಲ್ಲಿ ಕಟ್ ಆಗತ್ತೆ, ಅಂದ್ರೆ ಆಮೇಲೆ ಪುಡಿಯಾಗಿ ಚರಂಡಿಗೆ ಹೋಗೋ ಕಲ್ಲೂ ಹಡಗು ಹತ್ಕೊಂಡೇ ಬಂದಿರತ್ತೆ.

ನಮ್ಮ ಲೋಕಲ್ ಕಲ್ಲೂ ಹಂಗೇ. ಚಾಮರಾಜನಗರ ಕಡೆ ಎದ್ದ ಬ್ಲಾಕು ಬೆಂಗಳೂರು ಹತ್ರದ ಜಿಗಣಿ ಕಡೆ ಫ್ಯಾಕ್ಟರಿಗೆ ಹೋಗಿ, ಅಲ್ಲಿ ಸ್ಲ್ಯಾಬ್ ಆಗಿ, ಪಾಲಿಶ್ ಆಗಿ, ಮತ್ತೆ ಮೈಸೂರಿಗೆ ವಾಪಸ್ ಬಂದ್ರೆ ಅದು ಎಷ್ಟು ಲೋಕಲ್ಲು? ಚಾಮುಂಡಿ ಬೆಟ್ಟದ ನಂದಿನ 17ನೇ ಶತಮಾನದಲ್ಲಿ ಇದ್ದ ಬಂಡೆನ ಇದ್ದಲ್ಲೇ ಕೆತ್ತಿ ಮಾಡಿದ್ರು, ಲೋಕಲ್ ಅಂದ್ರೆ ಅದು, ಬಾಡಿಗೆ ಗಾಡಿ ಖರ್ಚೇ ಇಲ್ಲ.

ಈಗ ನಾನು ತಲೆಬರಹದಲ್ಲಿ ಹೇಳಿದ ಕಾಲಿನ ವಿಷಯ. 75 ಕೆಜಿ ಕಲ್ಲು ಗಾಳೀಲಿ ನಿಲ್ಲಲ್ಲ. ಎಂ.ಎಸ್. ಪೈಪಿನ ಫ್ರೇಮ್ ಮಾಡಿಸ್ತೀವಿ, ಅಲ್ಲಾಡಬಾರ್ದು ಅಂತ ಎರಡೂವರೆ ಇಂಚಿನ ಪೈಪು, ಕೆಳಗೊಂದು ಅಡ್ಡಪಟ್ಟಿ, ಮೇಲೆ ಸುತ್ತಾ ಆಂಗಲ್, ಎಲ್ಲಾ ಸೇರಿ 30 ಕೆಜಿ ಕಬ್ಬಿಣ ಆರಾಮಾಗಿ ಹೋಗತ್ತೆ. ನಮ್ಮ ದೇಶದಲ್ಲಿ ಒಂದು ಟನ್ ಉಕ್ಕು ಮಾಡೋಕೆ ಸರಾಸರಿ ಎರಡೂವರೆ ಟನ್ ಕಾರ್ಬನ್ ಡೈಆಕ್ಸೈಡ್ ಹೋಗತ್ತೆ. 30 ಕೆಜಿಗೆ 75 ಕೆಜಿ ಆಯ್ತು. ಕಲ್ಲಿನ ಕಡೆ ನೋಡಿದ್ರೆ, ಕಾರ್ಬನ್ ಲೆಕ್ಕದ ಪಟ್ಟಿಗಳಲ್ಲಿ ಸುಮ್ನೆ ಕಲ್ಲು ಅಂತ ಇರೋದಕ್ಕೆ ಕೆಜಿಗೆ ನೂರು ಗ್ರಾಂ ಒಳಗೇ ಹಾಕಿರ್ತಾರೆ, ಪಾಲಿಶ್ ಗ್ರಾನೈಟಿಗೆ ಏಳ್ನೂರು ಗ್ರಾಂವರೆಗೂ ಹಾಕೋರಿದಾರೆ. ಆ ಜಾಸ್ತಿ ಲೆಕ್ಕನೇ ಹಿಡಿದ್ರೂ ನಮ್ಮ ಸ್ಲ್ಯಾಬಿಗೆ 52 ಕೆಜಿ. ಕಲ್ಲಿಗಿಂತ ಕಾಲು ದುಬಾರಿ ಅಂದಿದ್ದು ಇದಕ್ಕೇ. ಗಿರಾಕಿ ಬಂದು ಯಾವ ಕಲ್ಲು ಅಂತ ಎರಡು ವಾರ ತಲೆ ಕೆಡಿಸ್ಕೊಂಡು ಕೊನೇಗೆ ಫ್ರೇಮ್ ನಿಮಗೆ ಬಿಟ್ಟಿದ್ದು ಅಂತ ಹೇಳಿ ಹೋಗ್ತಾರೆ!

ಅಂಕಿ ಯಾಕೆ ಇಷ್ಟು ಹಿಗ್ಗಾ ಮುಗ್ಗಾ ಅಂತ ಕೇಳಬೋದು. ಕಲ್ಲನ್ನ ಯಾರೂ ಸುಡಲ್ಲ, ಬೇಯಿಸಲ್ಲ, ಅದಕ್ಕೆ ಬೇಕಾಗಿರೋದು ಕ್ವಾರಿಲಿ ಡೀಸೆಲ್ಲು, ಫ್ಯಾಕ್ಟರಿಲಿ ಕರೆಂಟು. ಕರೆಂಟು ಕಲ್ಲಿದ್ದಲಿಂದ ಬಂತಾ, ಫ್ಯಾಕ್ಟರಿಯವರೇ ಸೋಲಾರ್ ಹಾಕಿದಾರಾ, ಕಲ್ಲು ಕೊಯ್ಯೋದು ಹಳೇ ಗ್ಯಾಂಗ್ ಸಾ ಮೆಷಿನ್ನಾ ಹೊಸ ಮಲ್ಟಿ ವೈರಾ, ಇದರ ಮೇಲೆ ಎಲ್ಲಾ ಬದಲಾಗತ್ತೆ. ಕೆಲವು ದೊಡ್ಡ ಕಂಪನಿಗಳು ಇ.ಪಿ.ಡಿ. ಅಂತ ಒಂದು ದಾಖಲೆ ಕೊಡ್ತಾರೆ, ಬೇರೆಯವರು ಪರಿಶೀಲನೆ ಮಾಡಿರೋ ಲೆಕ್ಕ ಅದು, ಸ್ಟಿಕ್ಕರ್ ಥರ ಅಲ್ಲ. ಕೊಟ್ರೆ ಮೂರು ಕಡೆ ಕಣ್ಣಾಡ್ಸಿ. ಒಂದು, ಲೆಕ್ಕ ಫ್ಯಾಕ್ಟರಿ ಗೇಟಿಗೇ ನಿಂತಿದೆಯಾ, ಇಲ್ಲಾ ಬಳಸಿ ಬಿಸಾಕೋವರೆಗೂ ಇದೆಯಾ. ಆಮೇಲೆ, ಕೆಜಿಗೆ ಹೇಳಿದಾರಾ ಚದರ ಮೀಟರಿಗಾ, ಯಾಕಂದ್ರೆ 12 ಮಿಲಿಮೀಟರಿನ ಸಿಂಟರ್ಡ್ ಶೀಟು ಕೆಜಿ ಲೆಕ್ಕದಲ್ಲಿ ಸೋತು ಚದರ ಮೀಟರಲ್ಲಿ ಗೆಲ್ಲಬೋದು. ಇನ್ನು, ಎಷ್ಟು ವರ್ಷ ಬಾಳಿಕೆ ಅಂತ ಬರ್ಕೊಂಡಿದಾರೆ ನೋಡಿ, ಹತ್ತು ವರ್ಷ ಅಂತ ಬರೆದ್ರೂ ಕಲ್ಲು ಕೇಳಲ್ಲ, ಅದು ಇರೋವಷ್ಟು ದಿನ ಇರತ್ತೆ.

ಇಷ್ಟು ಹೊತ್ತು ಬರೀ ಕಾರ್ಬನ್ ಆಯ್ತು. ಬೆಟ್ಟ?

ನಮ್ಮ ಭಾವ ಪಾಂಡವಪುರ ಕಡೆಯವರು, ಹೊಸ ಮನೆ ಕಟ್ಟಿಸ್ತಿದಾರೆ. ಅವರಿಗೆ ಕಲ್ಲಿನ ಟೇಬಲ್ ಆಸೆ, ಅಕ್ಕನ ಮಗಳಿಗೆ ಬಿಲ್‌ಕುಲ್ ಬೇಡ. "ಬೇಬಿ ಬೆಟ್ಟ ನುಂಗಿದ್ದು ಸಾಲ್ದಾ ಅಪ್ಪಾ, ಊಟಕ್ಕೂ ಕಲ್ಲೇ ಬೇಕಾ" ಅಂತ ಅವಳ ವಾದ. ಬೇಬಿ ಬೆಟ್ಟ ಅಂದ್ರೆ ಪಾಂಡವಪುರ ಹತ್ರ ಕಲ್ಲು ಗಣಿ ನಡೆದ ಬೆಟ್ಟ, ಆ ಕಡೆಯವರಿಗೆ ಇದು ಪೇಪರಿನ ಸುದ್ದಿ ಅಲ್ಲ, ಬ್ಲಾಸ್ಟ್ ಆದಾಗ ಅಡಿಗೆ ಮನೆ ಪಾತ್ರೆ ಗಲಗಲ ಅಂದಿದ್ದು ಕೇಳಿರೋರು. ಕೆಆರ್‌ಎಸ್ ಅಣೆಕಟ್ಟಿಗೆ ಅಪಾಯ ಅಂತ ವರ್ಷಗಟ್ಟಲೆ ಜಗಳ ಆಗಿ 2024ರ ಜನವರಿಲಿ ಹೈಕೋರ್ಟು ಅಣೆಕಟ್ಟಿನ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ಮಾಡೋ ಹಂಗಿಲ್ಲ ಅಂತು. ಹುಡುಗಿ ಸಿಟ್ಟು ಸರಿನೇ. ಭಾವ ಮಾತ್ರ "ಅಲ್ಲ ಕಣಯ್ಯ, ಒಂದು ಟೇಬಲ್ಲಿಗೆ ಎಷ್ಟು ಬೆಟ್ಟ ಬೇಕಾಯ್ತದೆ, ನೀನೇ ಲೆಕ್ಕ ಹಾಕೋನು, ಹೇಳು ಮತ್ತೆ" ಅಂತ ನನ್ನ ಮೇಲೆ ಹಾಕಿದ್ರು.

ಹೇಳಿದೆ. ಅವರ ಮನೆ ಕೆಳಗಡೆ 1,200 ಚದರಡಿ. ನಾವು ಸೈಟಲ್ಲಿ ಹಾಕೋ ಅಂದಾಜಿನ ಪ್ರಕಾರ ಅದಕ್ಕೆ ಜಲ್ಲಿ ಸಾವಿರದಾರ್ನೂರು ಘನ ಅಡಿ, ಎಂ ಸ್ಯಾಂಡು ಎರಡು ಸಾವಿರದ ನೂರು ಘನ ಅಡಿಗೂ ಮೇಲೆ. ತೂಕದಲ್ಲಿ ಎರಡೂ ಸೇರಿ 160 ಟನ್ ಹತ್ರ ಹೋಗತ್ತೆ, ಅಷ್ಟೂ ಬಂಡೆನೇ, ಕ್ರಷರಿಗೆ ಹಾಕಿ ಪುಡಿ ಮಾಡಿದ್ದು. ಟೇಬಲ್ಲು 75 ಕೆಜಿ. ಕ್ವಾರಿ ವೇಸ್ಟು ಸೇರಿಸಿ ಮೂರು ಪಟ್ಟು ಮಾಡಿದ್ರೂ ಕಾಲು ಟನ್ ದಾಟಲ್ಲ. ಹುಡುಗಿಗೆ ಇದನ್ನ ಹೇಳಿದ್ರೆ ಒಂದ್ ನಿಮಿಷ ಸುಮ್ನಿದ್ದು "ಹಂಗಾದ್ರೆ ಮನೆ ಚಿಕ್ಕದಾಗಿ ಕಟ್ಟಿ" ಅಂದ್ಳು! ಮನೆಗೆ ತಾರಸಿ ಹಾಕಿ ಆಗಿತ್ತು, ಭಾವ ಏನೂ ಮಾತಾಡ್ಲಿಲ್ಲ.

ಇನ್ನೊಂದು ವ್ಯತ್ಯಾಸನೂ ಇದೆ. ಜಲ್ಲಿಗೆ ಬೇಕಾದ ಕಲ್ಲನ್ನ ಮದ್ದಿಟ್ಟು ಚೂರು ಚೂರು ಮಾಡೋದು, ಒಡೆದಷ್ಟೂ ಅವರಿಗೆ ಒಳ್ಳೇದು. ಸ್ಲ್ಯಾಬಿನ ಕ್ವಾರಿಲಿ ಹಂಗೆ ಮಾಡಿದ್ರೆ ಬ್ಲಾಕಲ್ಲಿ ಸಣ್ಣ ಬಿರುಕು ಬಿಟ್ಟು ಕಲ್ಲು ಹಾಳು, ಅದಕ್ಕೆ ಅಲ್ಲಿ ವಜ್ರದ ಮಣಿ ಪೋಣಿಸಿದ ವೈರಲ್ಲಿ ಕೊಯ್ತಾರೆ, ಇಲ್ಲಾ ಸಾಲಾಗಿ ತೂತು ಹೊಡೆದು ಸೀಳ್ತಾರೆ. ಸದ್ದು ಕಮ್ಮಿ, ಆದ್ರೆ ವೇಸ್ಟು ಭಯಂಕರ. ಎಬ್ಬಿಸಿದ ಕಲ್ಲಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ಲಾಕೇ ಆಗಲ್ಲ, ಗೆರೆ ಬಂತು, ಬಣ್ಣ ಬದಲಾಯ್ತು, ಮೂಲೆ ಮುರೀತು ಅಂತ ಕ್ವಾರಿ ಪಕ್ಕದಲ್ಲೇ ಗುಡ್ಡೆ ಬೀಳತ್ತೆ. ಆಮೇಲೆ ಫ್ಯಾಕ್ಟರಿಲಿ 20 ಮಿಲಿಮೀಟರ್ ಸ್ಲ್ಯಾಬ್ ಕೊಯ್ಯೋಕೆ ಬ್ಲೇಡೇ 5 ಮಿಲಿಮೀಟರ್ ತಿನ್ನತ್ತೆ, ಅಂದ್ರೆ ಬ್ಲಾಕಿನ ಐದನೇ ಒಂದು ಭಾಗ ಬರೀ ಪುಡಿ. ನೀರಲ್ಲಿ ಕಲಸಿದ ಆ ರಾಡಿಗೆ ಸ್ಲರಿ ಅಂತಾರೆ. ಒಳ್ಳೇ ಫ್ಯಾಕ್ಟರಿಯವರು ಅದನ್ನ ತೊಟ್ಟಿಲಿ ಇಳಿಸಿ, ಒತ್ತಿ, ನೀರನ್ನ ಮತ್ತೆ ಮೆಷಿನ್ನಿಗೇ ಬಿಡ್ತಾರೆ. ಇಲ್ದಿದ್ರೆ ರಾತ್ರಿ ಟ್ಯಾಂಕರಲ್ಲಿ ತುಂಬಿ ಯಾವುದೋ ಕೆರೆ ಅಂಗಳಕ್ಕೆ. ಒಣಗಿದ ಮೇಲೆ ಅದು ಮಣ್ಣಿನ ಮೇಲೆ ಹೆಪ್ಪುಗಟ್ಟಿ ನೀರು ಇಂಗೋಕೇ ಬಿಡಲ್ಲ, ಗಾಳಿ ಬಂದ್ರೆ ಎದ್ದು ಬೆಳೆ ಮೇಲೆ ಕೂರತ್ತೆ. ಕಿಶನ್‌ಗಢದಲ್ಲಿ ಮಾರ್ಬಲ್ ಸ್ಲರಿ ಸುರಿಯೋ ಜಾಗ ಎಷ್ಟು ದೊಡ್ಡದಾಗಿ ಬೆಳ್ಳಗಾಗಿದೆ ಅಂದ್ರೆ ಹಿಮದ ಥರ ಕಾಣತ್ತೆ ಅಂತ ಜನ ಮದುವೆ ಫೋಟೋ ತೆಗೆಸ್ಕೊಳೋಕೆ ಹೋಗ್ತಾರೆ. ಏನ್ ಹೇಳೋದು.

ಪದರ ಪದರವಾಗಿ ಏಳೋ ಕಲ್ಲುಗಳು ಈ ವಿಷಯದಲ್ಲಿ ಮೇಲು. ಕಡಪ, ಶಹಾಬಾದು, ಕೋಟಾ ಎಲ್ಲಾ ಸುಣ್ಣದ ಕಲ್ಲು, ಹಾಸು ಹಾಸಾಗಿ ಎದ್ದು ಬರತ್ತೆ, ಮೇಲಿನ ಮುಖ ಕೊಯ್ಯೋ ಕೆಲಸವೇ ಇಲ್ಲ, ಬರೀ ಅಂಚು ಕತ್ತರಿಸಿದ್ರೆ ಮುಗೀತು. ನಮ್ಮ ಹಳೇ ಅಡಿಗೆ ಮನೆಗಳ ಕಟ್ಟೆ, ಪಾತ್ರೆ ಇಡೋ ಶೆಲ್ಫು ಎಲ್ಲಾ ಕಡಪದ್ದೇ ಅಲ್ವಾ, ಅದನ್ನ ಬಡವರ ಕಲ್ಲು ಅಂತ ಕಿತ್ತು ಹಾಕಿ ಈಗ ಅದೇ ಬಣ್ಣದ ಕ್ವಾರ್ಟ್ಜ್ ಹಾಕಿಸ್ತೀವಿ. ಮಂಡ್ಯ ಕಡೆ ಜಗುಲಿಗೆ ಹಾಸಿರ್ತಿದ್ದ ಚಪ್ಪಡಿಗಳೂ ಹಂಗೇ, ಕಲ್ಲು ಕುಟಿಗರು ಬಂಡೆ ಮೇಲೆ ಬೆಂಕಿ ಹಾಕಿ ಪದರ ಎಬ್ಬಿಸಿ, ಇಲ್ಲಾ ಉಳಿಲಿ ಸಾಲಾಗಿ ಗುಳಿ ಹೊಡೆದು ಸುತ್ತಿಗೆಲಿ ಬಡಿದು ಸೀಳಿದ್ದು, ಆ ಗುಳಿ ಗುರುತು ಈಗಲೂ ಅಂಚಲ್ಲಿ ಹಲ್ಲಿನ ಸಾಲಿನ ಥರ ಕಾಣ್ಸತ್ತೆ.

ಈಗ ಕ್ವಾರ್ಟ್ಜ್ ಅಂತ ಮಾರೋದಕ್ಕೆ ಬರೋಣ, ನನಗೆ ಇದರ ಮೇಲೇ ಜಾಸ್ತಿ ತಕರಾರಿರೋದು. ಇದು ಬೆಟ್ಟದಿಂದ ಸ್ಲ್ಯಾಬ್ ಆಗಿ ಬರೋ ಕಲ್ಲಲ್ಲ. ಬೆಣಚು ಕಲ್ಲಿನ ಪುಡಿ ಶೇಕಡಾ 90ರ ಮೇಲೆ, ಮಿಕ್ಕಿದ್ದು ಪಾಲಿಯೆಸ್ಟರ್ ರೆಸಿನ್ ಮತ್ತೆ ಬಣ್ಣ, ಎಲ್ಲಾ ಕಲಸಿ ಗಾಳಿ ಎಳೆದು ಒತ್ತಿ ಕಾಯಿಸಿ ಮಾಡಿರೋದು. ಬೆಟ್ಟಕ್ಕೆ ಕೈ ಹಾಕಿಲ್ಲ ಅನ್ನೋದು ಸುಳ್ಳು, ಬೆಣಚು ಕಲ್ಲೂ ಗಣಿಯಿಂದಲೇ ಬರಬೇಕು. ಅಂಚು ಚೂರಿಂದ ಮಾಡಿದ್ರೆ ಒಳ್ಳೇದೇ, ಆದ್ರೆ ಎಷ್ಟು ಭಾಗ ಅಂತ ಬರೆದು ಕೊಡಿ ಅಂದ್ರೆ ಅಂಗಡಿಯವರು ಫೋನ್ ಬಂತು ಅಂತ ಆ ಕಡೆ ಹೋಗ್ತಾರೆ. ರೆಸಿನ್ ಪೆಟ್ರೋಲಿಯಂ ಸಾಮಾನು, ಒಮ್ಮೆ ಗಟ್ಟಿ ಆದ್ರೆ ಬೇರೆ ಮಾಡೋಕಾಗಲ್ಲ. ಬಿಸಿ ಕುಕ್ಕರ್ ನೇರ ಇಟ್ರೆ ಸುಟ್ಟ ಕಲೆ, ಬಾಲ್ಕನಿಲಿ ಬಿಸಿಲಿಗೆ ಇಟ್ರೆ ನಿಧಾನಕ್ಕೆ ಹಳದಿ.

ಅದಕ್ಕಿಂತ ದೊಡ್ಡದು ಧೂಳು. ಒಂದು ಮನೇಲಿ ಸಿಂಕಿಗೆ ತೂತು ಕೊಯ್ತಿದ್ದಾಗ ನೋಡಿದ್ದು ಹೇಳ್ತೀನಿ. ಕಿಟಕಿ ಹಾಕಿದ್ರು, ಹೊರಗಡೆ ಧೂಳು ಬಂದ್ರೆ ಪಕ್ಕದ ಮನೆಯವರು ಬೈತಾರೆ ಅಂತ. ಹುಡುಗ ಮೂಗಿಗೆ ಕರ್ಚೀಫ್ ಕಟ್ಕೊಂಡು ಕೈ ಗ್ರೈಂಡರ್ ಹಿಡಿದು ಒಣ ಒಣ ಕೊಯ್ತಿದ್ದ, ಐದು ನಿಮಿಷಕ್ಕೆ ಅವನ ರೆಪ್ಪೆ, ಹುಬ್ಬು, ಕಿವಿ ಮೇಲಿನ ಕೂದಲು ಎಲ್ಲಾ ಬೆಳ್ಳಗೆ, ವಯಸ್ಸಾದವನ ಥರ ಕಾಣ್ತಿದ್ದ. ನಮ್ಮ ಮೇಸ್ತ್ರಿ ಬಂದು ಬೈದು ನೀರಿನ ಬಾಟಲಿ ಮುಚ್ಚಳಕ್ಕೆ ಮೊಳೆಲಿ ತೂತು ಹೊಡೆದು ಒಬ್ಬನ್ನ ಪಕ್ಕ ನಿಲ್ಲಿಸಿದ್ರು, ಬ್ಲೇಡ್ ಮೇಲೆ ಸಣ್ಣಗೆ ನೀರು ಬಿಡ್ತಾ ಹೋಗು ಅಂತ. ಧೂಳು ಕೆಸರಾಗಿ ಕೆಳಗೆ ಇಳೀತು. ಕರ್ಚೀಫಿಗೆ ನಿಲ್ಲೋ ಧೂಳು ಕಣ್ಣಿಗೆ ಕಾಣೋದು, ಶ್ವಾಸಕೋಶದ ತಳಕ್ಕೆ ಹೋಗಿ ಕೂರೋದು ಕಣ್ಣಿಗೆ ಕಾಣಲ್ಲ. ಅದು ಅಲ್ಲೇ ಗಾಯ ಮಾಡಿ ಸಿಲಿಕೋಸಿಸ್ ತರತ್ತೆ, ಅದು ವಾಸಿ ಆಗೋ ಕಾಯಿಲೆ ಅಲ್ಲ. ಈ ಕಾರಣಕ್ಕೇ ಆಸ್ಟ್ರೇಲಿಯಾದವರು 2024ರ ಜುಲೈ 1ರಿಂದ ಈ ಥರ ಮಾಡಿದ ಕಲ್ಲಿನ ತಯಾರಿಕೆ, ಮಾರಾಟ, ಫಿಟ್ಟಿಂಗ್ ಎಲ್ಲಾ ನಿಲ್ಲಿಸಿಬಿಟ್ರು. ರಾಜಸ್ಥಾನದಲ್ಲಿ ಗಣಿ ಮತ್ತೆ ಕಲ್ಲಿನ ಕೆಲಸದವರಿಗೋಸ್ಕರ 2019ರಲ್ಲೇ ಈ ಕಾಯಿಲೆಗೆ ಅಂತ ಒಂದು ನೀತಿ ಬಂದಿದೆ. ಗ್ರಾನೈಟಲ್ಲೂ ಈ ಕಾಯಿಲೆ ತರೋ ಸಿಲಿಕಾ, ಅಂದ್ರೆ ಬೆಣಚಿನ ಅಂಶ, ಇದೆ, ಕಾಲು ಭಾಗದಿಂದ ಅರ್ಧ ಭಾಗದ ಹತ್ರದವರೆಗೂ ಇರತ್ತೆ, ಅದನ್ನೂ ಒಣ ಕೊಯ್ಯೋ ಹಂಗಿಲ್ಲ. ಮಾರ್ಬಲ್ಲಲ್ಲಿ ತೀರಾ ಕಮ್ಮಿ. ನಮ್ಮ ಚಾಮರಾಜನಗರದ ಕಪ್ಪು ಕಲ್ಲನ್ನ ಅಂಗಡಿಲಿ ಗ್ರಾನೈಟ್ ಅಂದ್ರೂ ಅದು ನಿಜವಾಗಿ ಡೋಲರೈಟ್ ಜಾತಿ, ಅದರಲ್ಲಿ ಬೆಣಚಿನ ಅಂಶ ಅತ್ಯಲ್ಪ, ಕೊಯ್ಯೋ ಹುಡುಗನ ಲೆಕ್ಕದಲ್ಲಿ ಅದು ವಾಸಿ. ಪರಿಸರ ಅಂದಾಗ ಮರ ಗಿಡ ಮಾತ್ರ ಎಣಿಸಿ ಈ ಹುಡುಗನ್ನ ಬಿಡೋದು ನನಗೆ ಸರಿ ಕಾಣಲ್ಲ.

ಸಿಂಟರ್ಡ್ ಸ್ಟೋನು 1,200 ಡಿಗ್ರಿ ಆಸುಪಾಸು ಗೂಡಲ್ಲಿ ಸುಟ್ಟಿದ್ದು, ಗ್ಯಾಸ್ ಖರ್ಚು ದೊಡ್ಡದು, ತೆಳ್ಳಗಿರೋದ್ರಿಂದ ಸ್ವಲ್ಪ ಸರಿ ಹೋಗತ್ತೆ, ಮೂಲೆಗೆ ಪಾತ್ರೆ ಬಡಿದು ಚಕ್ಕೆ ಎದ್ರೆ ರಿಪೇರಿ ಮಾತ್ರ ತಲೆನೋವು. ಸಿಮೆಂಟಲ್ಲಿ ಎರಕ ಹೊಯ್ದ ಟೇಬಲ್ ಈಗ ಫ್ಯಾಷನ್ನು, ಪಾರ್ಕಲ್ಲಿ ದಾನಿಗಳ ಹೆಸರು ಬರ್ಸಿರೋ ಬೆಂಚಿನ ದೊಡ್ಡಣ್ಣ ಅದು, ಸಿಮೆಂಟಿನ ಕಾರ್ಬನ್ ಜಾಸ್ತಿ ಅಂತ ಹೊಸದಾಗಿ ಹೇಳೋದೇನಿಲ್ಲ.

ಬಾಳಿಕೆ ವಿಷಯಕ್ಕೆ ಬಂದ್ರೆ ನಮ್ಮ ಊಟನೇ ತೀರ್ಪು ಕೊಡತ್ತೆ. ಮಾರ್ಬಲ್ ಟೇಬಲ್ ಮೇಲೆ ನಿಂಬೆ ಹೋಳು ಹತ್ತು ನಿಮಿಷ ಬಿದ್ದಿದ್ರೆ ಆ ಜಾಗದ ಹೊಳಪು ಹೋಯ್ತು, ಹುಳಿ ಚೆಲ್ಲಿದ್ರೂ ಅಷ್ಟೇ, ಒರೆಸಿದ್ರೆ ಹೋಗಲ್ಲ ಅದು, ಕಲೆ ಅಲ್ಲ, ಕಲ್ಲೇ ಕರಗಿರೋದು. ಕಡಪಕ್ಕೂ ಇದೇ ಬುದ್ಧಿ, ಆದ್ರೆ ಅದನ್ನ ಪಾಲಿಶ್ ಇಲ್ದೆ ಒರಟಾಗೇ ಇಟ್ರೆ ಗೊತ್ತಾಗಲ್ಲ. ಬಿಸಿಬೇಳೆ ಬಾತು, ಚಿತ್ರಾನ್ನ, ಹುಳಿಸಾರು ತಿನ್ನೋ ಮನೆಗೆ ಹೊಳಿಯೋ ಬಿಳಿ ಮಾರ್ಬಲ್ ಹಾಕಿ, ಮಂಕಾಯ್ತು ಅಂತ ಆರು ವರ್ಷಕ್ಕೆ ಬದಲಾಯ್ಸಿದ್ರೆ ಅದರ ಕಾರ್ಬನ್ ಲೆಕ್ಕ ಹಾಕೋದೇ ದಂಡ. ಗ್ರಾನೈಟು ಅರವತ್ತು ವರ್ಷ ಆದ್ರೂ ಅಲ್ಲಾಡಲ್ಲ. ಚಾಮುಂಡಿ ಬೆಟ್ಟದ ಕಲ್ಲಿಗೇ ಸುಮಾರು 80 ಕೋಟಿ ವರ್ಷ ವಯಸ್ಸು ಅಂತಾರೆ, ರಾಮನಗರದ ಬೆಟ್ಟಗಳಿಗೆ 250 ಕೋಟಿ ಹತ್ರ, ಅದಕ್ಕೆ ನಮ್ಮ ಹುಳಿಸಾರು ಯಾವ ಲೆಕ್ಕ.

ಅಂಗಡಿಗೆ ಹೋದ್ರೆ ಸ್ಲ್ಯಾಬಿನ ಮುಖ ನೋಡ್ಬೇಡಿ, ಬೆನ್ನು ನೋಡಿ. ಹಿಂದೆ ಬಲೆ ಥರ ಫೈಬರ್ ಮೆಶ್ ಅಂಟಿಸಿದ್ರೆ ಆ ಕಲ್ಲು ತಾನಾಗಿ ನಿಲ್ಲೋ ಶಕ್ತಿ ಇಲ್ದೆ ಎಪಾಕ್ಸಿಲಿ ನಿಂತಿದೆ ಅಂತ ಅರ್ಥ, ನ್ಯಾಚುರಲ್ ಅನ್ನೋದು ಅಲ್ಲಿಗೆ ಅರ್ಧ ಆಯ್ತು. ಗೆಣ್ಣಲ್ಲಿ ತಟ್ಟಿ, ಗಟ್ಟಿ ಇರೋದು ಟಣ್ ಅನ್ನತ್ತೆ, ಒಳಗೆ ಬಿರುಕಿದ್ರೆ ಬೊದ್ದು ಸದ್ದು. ಕಪ್ಪು ಕಲ್ಲಾದ್ರೆ ಬಿಳಿ ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಮೂಲೆಲಿ ಉಜ್ಜಿ, ಬಟ್ಟೆ ಕರೀದಾದ್ರೆ ಬೂದು ಕಲ್ಲಿಗೆ ಬಣ್ಣ ಕುಡಿಸಿದಾರೆ, ಎರಡು ವರ್ಷಕ್ಕೆ ತೇಪೆ ತೇಪೆಯಾಗಿ ಬಿಳಚಿಕೊಳತ್ತೆ, ನೀವು ಕಿತ್ತು ಹಾಕ್ತೀರ. ಬಿಲ್ ತಗೊಳಿ, ಯಾವ ಊರಿನ ಕಲ್ಲು ಅಂತ ಬರೆಸಿ. 2012ರಲ್ಲಿ ಸುಪ್ರೀಂ ಕೋರ್ಟು ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕು ಅಂತ ಹೇಳಿದೆ, ಸರಿಯಾಗಿ ನಡಿಯೋ ಕ್ವಾರಿ ಮಾಲಿಗೆ ಪರ್ಮಿಟ್ ಇದ್ದೇ ಇರತ್ತೆ, ಕೇಳಿದ್ರೆ ಎಲ್ಲರೂ ತೋರಿಸಲ್ಲ, ಆದ್ರೆ ಕೇಳೋ ಗಿರಾಕಿ ಇದಾನೆ ಅಂತನಾದ್ರೂ ಅವರಿಗೆ ಗೊತ್ತಾಗ್ಲಿ.

ಇಷ್ಟೆಲ್ಲಾ ಆದ್ಮೇಲೆ ನನ್ನ ಆಯ್ಕೆ ಯಾವುದು ಅಂದ್ರೆ, ಈಗಾಗಲೇ ಕೊಯ್ದಿರೋ ಕಲ್ಲು. ಯಾವುದೇ ಗ್ರಾನೈಟ್ ಅಂಗಡಿ ಹಿಂದೆ ಹೋಗಿ, ಗೋಡೆಗೆ ಒರಗಿಸಿದ ಕಟ್ ಪೀಸು ರಾಶಿ ಇರತ್ತೆ. ಅಡಿಗೆ ಕಟ್ಟೆಗೆ ಸಿಂಕ್ ಕೂರಿಸೋಕೆ ಕೊಯ್ದ ಪೀಸೇ ಎರಡಡಿ ಒಂದೂವರೆ ಅಡಿ ಬರತ್ತೆ, ಒಲೆಗೆ ಕೊಯ್ದಿದ್ದು ಇನ್ನೂ ಸ್ವಲ್ಪ, ಸೋಫಾ ಪಕ್ಕದ ಟೀಪಾಯಿಗೆ, ತುಳಸಿ ಕಟ್ಟೆ ಮೇಲಕ್ಕೆ, ಬಾಗಿಲ ಹತ್ರ ಶೂ ಹಾಕ್ಕೊಳೋ ಸೀಟಿಗೆ ಅಷ್ಟು ಸಾಕು. ಅವರಿಗೆ ಅದು ಜಾಗ ಹಿಡಿಯೋ ಕಸ, ಸೇರಿದಷ್ಟು ಆದ್ಮೇಲೆ ಟ್ರ್ಯಾಕ್ಟರಲ್ಲಿ ತುಂಬಿ ಖಾಲಿ ಸೈಟಿಗೆ ಸುರೀತಾರೆ. ಅಂಚು ಪಾಲಿಶ್ ಮಾಡಿಸೋ ಖರ್ಚು ಮಾತ್ರ ನಿಮ್ದು. ದೊಡ್ಡ ಟೇಬಲ್ಲಿಗೆ ಎರಡು ಮೂರು ಪೀಸು ಜೋಡಿಸಿ ನಡುವೆ ಹಿತ್ತಾಳೆ ಪಟ್ಟಿ ಕೊಟ್ರೆ ಡಿಸೈನ್ ಅಂತಾನೂ ಹೇಳ್ಕೋಬೋದು.

ಭಾವನ ವಿಷಯದಲ್ಲಿ ಹುಡುಕೋಕೂ ದೂರ ಹೋಗ್ಲಿಲ್ಲ. ಹಳೇ ಮನೆ ಜಗುಲಿ ಕಿತ್ತು ಚಪ್ಪಡಿಗಳನ್ನ ತಿಪ್ಪೆ ಪಕ್ಕ ಒಟ್ಟಿದ್ರು, ದನಕ್ಕೆ ಬೂಸಾ ಕಲಸೋಕೆ ಒಂದು, ಬಟ್ಟೆ ಒಗೆಯೋಕೆ ಒಂದು ಆಗಲೇ ಹೋಗಿತ್ತು. ನಾಲ್ಕಿಂಚು ದಪ್ಪ, ಒಂದು ಮುಖ ಕೂತೂ ಕೂತೂ ನುಣ್ಣಗಾಗಿದೆ, ಇನ್ನೊಂದು ಒರಟು. ಅಷ್ಟು ದಪ್ಪ ಅಂದ್ರೆ ಚದರಡಿಗೆ 25 ಕೆಜಿ, ಊಟದ ಟೇಬಲ್ ಮಾಡಿದ್ರೆ ಎತ್ತೋಕೆ ಊರೇ ಬರಬೇಕು. ಅದಕ್ಕೆ ಮನೆ ಒಳಗಿನ ಟೇಬಲ್ಲಿಗೆ ಮೈಸೂರಿನ ಕಟ್ ಪೀಸು, ಕಾಲಿಗೆ ಅವರ ಹಳೇ ಮನೆ ತೊಲೆ ಮರ, ಹಂಗಾಗಿ 30 ಕೆಜಿ ಕಬ್ಬಿಣ ಉಳೀತು. ಚಪ್ಪಡಿನ ಹೊರಗಡೆ ಹೊಂಗೆ ಮರದ ಕೆಳಗೆ ಬೆಂಚು ಮಾಡೋಣ ಅಂತ ತೀರ್ಮಾನ ಆಯ್ತು, ಕಾಲಿಗೆ ಸೈಜು ಕಲ್ಲು. ಅಕ್ಕನ ಮಗಳೂ ಒಪ್ಪಿದ್ಳು, ಒಂದು ಷರತ್ತು ಹಾಕಿ, ಪಾಲಿಶ್ ಮೆಷಿನ್ ತರೋ ಹಂಗಿಲ್ಲ ಅಂತ.

ಬೆಂಚು ಮಾಡೋರಿಗೆ ಒಂದು ಮಾತು, ಕಾಲಿನ ಕಲ್ಲನ್ನ ಮುಕ್ಕಾಲು ಅಡಿನಾದ್ರೂ ನೆಲಕ್ಕೆ ಹುಗೀರಿ, ಕೆಳಗೆ ಜಲ್ಲಿ ಹಾಕಿ ದಮ್ಮಸ್ಸು ಮಾಡಿ. ಮೇಲಿನ ಚಪ್ಪಡಿಗೆ ಸಿಮೆಂಟ್ ಮೆತ್ತಬೇಡಿ, ಮೇಸ್ತ್ರಿ ಎಷ್ಟು ಹೇಳಿದ್ರೂ. ಕಾಲಿನ ತಲೆಗೆ ಒಂದು ತೂತು, ಚಪ್ಪಡಿ ಹೊಟ್ಟೆಗೆ ಒಂದು ತೂತು ಹೊಡೆದು ನಡುವೆ ತುಕ್ಕು ಹಿಡಿಯದ ಸರಳಿನ ತುಂಡು ಇಟ್ಟು ಕೂರಿಸಿದ್ರೆ ಮಕ್ಕಳು ಒಂದು ತುದೀಲಿ ನಿಂತು ಕುಣಿದ್ರೂ ಮಗುಚಲ್ಲ, ನಾಳೆ ಜಾಗ ಬದಲಾಯಿಸ್ಬೇಕು ಅಂದ್ರೆ ನಾಲ್ಕು ಜನ ಎತ್ತಿದ್ರೆ ಹಂಗೇ ಬರತ್ತೆ. ತೂತು ಹೊಡೆಯುವಾಗ ನೀರು ಬಿಡೋದು ಮರೀಬೇಡಿ.